ನಾಲ್ಕನೇ ನಂಬರಿನಲ್ಲಿ ಕತ್ತಲೆ

ಐಸ್ ಫ್ಯಾಕ್ಟರಿಯ ಮಾಳಿಗೆಯ ಮೇಲೆ ನಮ್ಮ ಸ್ಟುಡಿಯೋ.
ಕೆಳಗೆ ಗಡ್ಡೆ ಪುಡಿ ಮಾಡುವ ಯಂತ್ರ ಶುರುವಾದರೆ
ಮೇಲೆ ನನ್ನ ಮುಖ್ಯಾಂಶಗಳು ನಡುಗುತ್ತಿದ್ದವು.
ಹಾಗಾಗಿ ಸುದ್ದಿ ಆರೂವರೆಗೆ,
ಲಾರಿಗಳು ಐಸು ತುಂಬಿಕೊಂಡು ಹೋದ ಮೇಲೆ.

ಉಲ್ಹಾಸ ರೇವಣಕರರು ಅದಕ್ಕೂ ಮೊದಲು
ಕ್ಯಾಸೆಟ್ಟು ಬಾಡಿಗೆಗೆ ಕೊಡುತ್ತಿದ್ದವರು.
ಅಪ್ಪನ ಬಂಗಾರದ ತಕ್ಕಡಿ ಮಾರಿ
ಮಾಡ್ಯುಲೇಟರ್ ತಂದರಂತೆ ಹುಬ್ಬಳ್ಳಿಯಿಂದ,
ಅರಬೈಲ ಘಟ್ಟ ಇಳಿಯುವಷ್ಟು ಹೊತ್ತೂ
ಪಕ್ಕದವನ ವಾಂತಿಯಿಂದ ಅದನ್ನು ಕಾಪಾಡಿಕೊಂಡು.

ಬೈತಖೋಲದಿಂದ ಕೋಡಿಬಾಗದ ತನಕ ತಂತಿ ಎಳೆದವನು ಗಣಬಾ,
ತೆಂಗಿನಿಂದ ತೆಂಗಿಗೆ, ತೆಂಗಿನಿಂದ ಕರೆಂಟು ಕಂಬಕ್ಕೆ,
ಒಂದು ಕಡೆ ಇಗರ್ಜಿಯ ಗಂಟೆಗೂಡಿಗೆ:
ಪಾದ್ರಿಗಳಿಗೆ ಕನೆಕ್ಷನ್ನು ಪುಕ್ಕಟೆ.
ಉಳಿದವರಿಗೆ ಅರವತ್ತು ರೂಪಾಯಿ.
ದುಡ್ಡಿಲ್ಲದವರು ಬಾಂಗಡೆ ಕೊಟ್ಟರೆ
ರಶೀದಿಯ ಹಿಂದೆ ಬರೆಯುತ್ತಿದ್ದ:
ಹನ್ನೆರಡು, ಮಧ್ಯಮ ಗಾತ್ರ.

ನನಗೆ ಟೈಪಿಂಗ್ ಬರುತ್ತಿತ್ತು,
ಲ ಬೇರೆ ಳ ಬೇರೆ ಎಂದು ಗೊತ್ತಿತ್ತು,
ಅಷ್ಟಕ್ಕೇ ಕೆಲಸ ಸಿಕ್ಕಿತು.
ಮೇಜಿನ ಮೇಲೆ ಕಾಣುವಷ್ಟು ರೇಷ್ಮೆ, ಕೆಳಗೆ ಹವಾಯಿ ಚಪ್ಪಲಿ.
ಬೆನ್ನ ಹಿಂದೆ ಮಿಂಗೇಲನ ಮದುವೆ ಶೂಟಿಂಗಿನ ನೀಲಿ ಪರದೆ,
ಅದರ ಮೂಲೆಯಲ್ಲಿ ಯಾರದೋ ಕೇಕಿನ ಕಲೆ.
ನಗರಸಭೆಯ ಜಗಳ, ಕಾಳಿ ಸೇತುವೆಯ ಮೇಲೆ ಮಗುಚಿದ ಟೆಂಪೋ,
ಮೀನಿನ ದರ,
ಕೊನೆಗೆ ತೀರಿಕೊಂಡವರ ಹೆಸರು.
ಮಾರ್ಕೆಟ್ಟಿನಲ್ಲಿ ತಾರ್ಲೆ ಮಾರುವವಳೊಬ್ಬಳು
ಉಪ್ಪುಗೈಯಲ್ಲೇ ನನ್ನ ಗಲ್ಲ ಹಿಡಿದು,
"ಸತ್ತವರನ್ನು ಓದುವ ಹುಡುಗಿ ನೀನೇ ಅಲ್ಲವಾ?
ನನ್ನದು ಓದುವಾಗ ಸ್ವಲ್ಪ ನಿಧಾನಕ್ಕೆ ಓದು" ಅಂದಿದ್ದಳು.

ಇದ್ದದ್ದು ಒಟ್ಟು ಹದಿನಾಲ್ಕು ಟೇಪು.
ಪ್ರತಿ ಸುದ್ದಿಗೂ ಎರಡೇ ವಾರದ ಆಯಸ್ಸು,
ಹದಿನೈದನೆಯ ದಿನ ಅದರ ಮೇಲೆ ಇನ್ನೊಂದು.

ಆ ಶ್ರಾವಣದಲ್ಲಿ 'ಜಲಪದ್ಮ' ತಿರುಗಿ ಬರಲಿಲ್ಲ.
ಏಳು ಜನ.
ಓದಿ ಮುಗಿಸಿ ಏಳುವಾಗ ಫೋನು. ಬೈತಖೋಲದ ಹೆಂಗಸು.
ಮೊಣಕಾಲು ಬಾತಿದೆ, ಧಕ್ಕೆಗೆ ಇಳಿಯಲಾಗದು,
ನಿಮ್ಮ ಕಿಟಕಿಯಿಂದ ಸಮುದ್ರ ಕಾಣುತ್ತದಂತಲ್ಲ,
ತೋರಿಸಿ.
ರೇವಣಕರರು ಒಂಬತ್ತರ ಸಿನಿಮಾ ನಿಲ್ಲಿಸಿದರು,
ಜಾಹೀರಾತು ಕೊಟ್ಟ ಬಟ್ಟೆ ಅಂಗಡಿಗೆ ದುಡ್ಡು ವಾಪಸು ಕಳಿಸಿದರು.
ಮಿಂಗೇಲ್ ಕ್ಯಾಮೆರಾವನ್ನು ಕಿಟಕಿಗೆ ತಿರುಗಿಸಿದ.

ನಾಲ್ಕನೇ ನಂಬರಿನಲ್ಲಿ ಕತ್ತಲೆ.
ಊರು ಅದನ್ನೇ ನೋಡಿತು.
ಸೋನಾರವಾಡದಲ್ಲಿ, ಕಾಜುಬಾಗದ ಕ್ವಾರ್ಟರ್ಸಿನಲ್ಲಿ,
ಕಲೆಸಿದ ಅನ್ನ ತಟ್ಟೆಯಲ್ಲೇ ಒಣಗುವ ತನಕ.
ದೀಪಸ್ತಂಭ ತಿರುಗಿದಾಗ ಮಾತ್ರ ಗಾಜಿಗೊಂದು ಗೀರು.
ಫೋನಿನ ಮೇಲೆ ಫೋನು:
ಸ್ವಲ್ಪ ಎಡಕ್ಕೆ. ಇನ್ನೂ ಎಡಕ್ಕೆ.
ಅಗೋ ದೀಪ!
ಅಲ್ಲ ಬಾಯಿ, ಅದು ಕಿಟಕಿಯ ಮೇಲಿನ ಹುಳ.

ಐವರು ಬಂದರು ಬೆಳಿಗ್ಗೆ, ಬೇರೆ ಬೋಟಿನಲ್ಲಿ,
ಮಿಂಗೇಲ್ ಚಹಾಕ್ಕೆಂದು ಇಳಿದಿದ್ದ ಹೊತ್ತಿಗೆ.
ಇಬ್ಬರ ಹೆಸರನ್ನು ಆರೂವರೆಗೆ ನಾನು ಓದಿದೆ,
ನಿಧಾನಕ್ಕೆ.

ಆ ಟೇಪಿನ ಮೇಲೆ ಮತ್ತೆ ಯಾರೂ ಏನೂ ತುಂಬಲಿಲ್ಲ.
ಹೀಗೆಂದು ಯಾರೂ ಹೇಳಿದ್ದಲ್ಲ.
ಹದಿಮೂರರಲ್ಲೇ ಸುಧಾರಿಸಿದೆವು.

ಸೆಟ್‌ಟಾಪ್ ಬಾಕ್ಸು ಬಂದ ವರ್ಷ
ನಮ್ಮನ್ನು ಎಂಟುನೂರ ಹನ್ನೆರಡಕ್ಕೆ ತಳ್ಳಿದರು.
ಅಷ್ಟು ದೂರ ಯಾರೂ ಬರಲಿಲ್ಲ.
ಗಣಬಾ ಸುತ್ತಿಕೊಂಡು ಬಂದದ್ದು ಅರ್ಧ ತಂತಿ,
ಇನ್ನರ್ಧದ ಮೇಲೆ ಕೋಡಿಬಾಗದಲ್ಲಿ ಈಗಲೂ ಲುಂಗಿ ಒಣಗುತ್ತದೆ.

ಮೊನ್ನೆ ಅಂಕೋಲೆಯಲ್ಲೊಬ್ಬ ಹುಡುಗನ ಹತ್ತಿರ ಯಂತ್ರ ಸಿಕ್ಕಿತು.
ಉಪ್ಪುಗಾಳಿಗೆ ಬೂಸ್ಟು ಹಿಡಿದು ಹದಿಮೂರೂ ಬರೀ ಗೆರೆ.
ಒಂದರಲ್ಲಿ ಕತ್ತಲೆ.
"ಇದೂ ಹೋಗಿದೆ ಅಕ್ಕಾ," ಎಂದು ಬಟನ್ನಿಗೆ ಕೈಯಿಟ್ಟ.
ಇರಲಿ, ಬಿಡು ಅಂದೆ.

ರೇವಣಕರರ ಕೆಮ್ಮು.
ಕುರ್ಚಿ ಸರಿದ ಸದ್ದು.
ಮಿಂಗೇಲ್ ಕೇಳುತ್ತಾನೆ: ಎಡಕ್ಕಾ?
ಯಾರೋ ಹುಡುಗಿ ಹೇಳುತ್ತಾಳೆ, ನನ್ನ ದನಿಯಲ್ಲಿ:
ಹ್ಞೂಂ, ಇನ್ನೂ ಸ್ವಲ್ಪ.