ನೆಗ್ಗಿದ ಡಬ್ಬ

ಬೆಳಗ್ಗೆ ಆರಕ್ಕೆ ಸಗಟು ವ್ಯಾಪಾರಿಯ ಮೆಸೇಜು:
ಸುಂಕ ಏರಿದೆ, ಹಳೇ ದರ ಮರೆತುಬಿಡಿ.
ಕೆಳಗೊಂದು ಕೈಮುಗಿದ ಚಿತ್ರ.
ಚಳ್ಳಕೆರೆಯ ನನ್ನ ಅಂಗಡಿಯ ಹಲಗೆಗೆ
ಒದ್ದೆ ಬಟ್ಟೆ ಆಡಿಸಿದೆ.
ನೂರ ಇಪ್ಪತ್ತೆಂಟು ಹೋಯಿತು, ನೂರ ನಲವತ್ತಾರು ಬಂತು.
ಬೇಳೆ, ಬೆಲ್ಲ ಇದ್ದಲ್ಲೇ ಇದ್ದವು,
ಅವುಗಳ ಅಂಕಿಯ ಮೇಲೂ ನೀರು ಹನಿದು
ಸುಣ್ಣ ಕೆಳಗಿಳಿಯಿತು.
ಇಳಿದದ್ದು ಅದೊಂದೇ.

ಕಡಲು ಕಂಡವನಲ್ಲ ನಾನು.
ಹಡಗೊಂದು ಮಂಗಳೂರಿನ ಬಾಗಿಲಲ್ಲಿ ನಿಂತಿರುವಾಗ
ದಿಲ್ಲಿಯಲ್ಲಿ ಯಾರೋ ಒಂದು ಸಾಲು ತಿದ್ದಿದರಂತೆ;
ಆ ಸಾಲು ಘಟ್ಟ ಹತ್ತಿ, ಹಿರಿಯೂರು ದಾಟಿ
ನನ್ನ ಸೀಮೆಸುಣ್ಣದ ತುದಿಗೆ ಬಂದು ಕೂತಿತು.
ಅಂಗಡಿಯವನು ಬೈದುಕೊಂಡೆ. ನನ್ನೊಳಗಿನ ಹೊಲದವನು,
ಮೂರೆಕರೆ ಶೇಂಗಾ ಹಾಕಿದವನು,
ಮೀಸೆಯಡಿ ನಕ್ಕ.
ಒಂದು ಕಾಲಕ್ಕೆ ಈ ಊರೇ ಊರೂರಿಗೆ ಎಣ್ಣೆ ಅಳೆದಿತ್ತು
ಅನ್ನುತ್ತಿದ್ದ ಅಪ್ಪ. ಅವನು ದುಡಿದ ಮಿಲ್ಲು ಈಗ
ಮದುವೆ ಛತ್ರ. ಮಳೆ ಹನಿದರೆ
ಅದರ ಗೋಡೆಯಿಂದ ಇನ್ನೂ ಹಿಂಡಿಯ ವಾಸನೆ.

ಓಬಕ್ಕ ಬಂದಳು, ಬಾಟ್ಲಿ ಹಿಡಿದು.
"ನಿನ್ನೆಗಿಂತ ಹದಿನೆಂಟು ಜಾಸ್ತಿ!
ರಾತ್ರಿ ಏನ್ ಮರಿ ಹಾಕ್ತೇನಣ್ಣ ಎಣ್ಣೆ?"
"ದರ ನಂದಲ್ಲ ಕಣಕ್ಕ," ಅಂದೆ, "ಮೇಲಿಂದ ಬಂದಿದ್ದು."
ಅವಳು ಮೇಲೆ ನೋಡಿದಳು.
ಫ್ಯಾನು ತಿರುಗುತ್ತಿತ್ತು.
"ಅರ್ಧ ಲೀಟ್ರು ಹಾಕು."
ಆಮೇಲೆ ತಡೆದು, "ಬ್ಯಾಡ, ಕಾಲು."
ಮೂಲೆಯ ಖಾಲಿ ಡಬ್ಬ ಎಷ್ಟು ಅಂತ ಕೇಳಿದಳು.
ಹದಿನೈದು ಕೇಜಿಯದು, ತಾಳೆಮರದ ಚಿತ್ರದ್ದು,
ಯಾವ ದೇಶದ ಅಕ್ಷರವೋ, ನನಗೂ ಓದಲು ಬಾರದು.
ನಲವತ್ತು, ಅಂದೆ.
ಒಂದು ಪಕ್ಕ ನೆಗ್ಗೈತೆ, ಮೂವತ್ತು, ಅಂದಳು.
ಕೊಟ್ಟೆ.

ಸಂಜೆ ಅವಳ ಬಾಗಿಲಲ್ಲಿ ನಾನು.
ಪರಶುರಾಂಪುರದ ದಾರಿಯ ನನ್ನ ಶೇಂಗಾ
ಕೀಳುವ ಹದಕ್ಕೆ ಬಂದು ಐದು ದಿನ.
ಮಣ್ಣು ಬಿಗಿದರೆ ಬಳ್ಳಿ ಕೈಗೆ ಬರುತ್ತದೆ,
ಕಾಯಿ ಒಳಗೇ ಉಳಿದು ಹಂದಿಯ ಪಾಲು.
"ಹನ್ನೆರಡಾಳು ಬೇಕು ಓಬಕ್ಕ."
ಅವಳು ಎಲೆಗೆ ಸುಣ್ಣ ಸವರುತ್ತಿದ್ದಳು.
"ಏಳು ಜನ ಅವ್ರೆ.
ಮಿಕ್ಕವರು ಗಾರ್ಮೆಂಟ್ಸಿಗೆ, ಬಸ್ಸು ಮನೆ ಮುಂದಕ್ಕೇ ಬತ್ತೈತೆ.
ನಮ್ ಪಾಲಮ್ಮ ಸೋಲಾರಿನೋರ ಗಾಜು ಒರೆಸ್ತಾಳೆ,
ತಿಂಗಳ ಸಂಬಳ, ಸೊಂಟ ನೋಯಲ್ಲ."
"ಕೂಲಿ?"
"ಕೀಳೋಕೆ ಐನೂರು. ಕಾಯಿ ಬಿಡಿಸೋಕೆ
ಡಬ್ಬಕ್ಕೆ ಎಪ್ಪತ್ತು. ಆಟೋ ನಿಂದು."
"ಹೋದ ವರ್ಷ ನಲವತ್ತೈದಿತ್ತಲ್ಲ!"
"ದರ ನಂದಲ್ಲ ಕಣಣ್ಣ," ಅಂದಳು,
ಬೆಳಗಿನ ನನ್ನ ದನಿಯನ್ನೇ ಕಡ ತಗೊಂಡು,
"ಮೇಲಿಂದ ಬಂದಿದ್ದು."
ನಾನು ಮೇಲೆ ನೋಡಲಿಲ್ಲ.

ಸ್ಕೂಟರಿನಲ್ಲಿ ಲೆಕ್ಕ ಹಾಕುತ್ತ ಬಂದೆ.
ಅವಳು ಏರಿಸಿದ ಇಪ್ಪತ್ತೈದು ನನ್ನ ಕಾಯಿಗೆ ಹತ್ತುತ್ತದೆ,
ಕಾಯಿ ಗಾಣಕ್ಕೆ, ಗಾಣ ನನ್ನ ಹಲಗೆಗೆ,
ಹಲಗೆ ಅವಳ ಬಾಟ್ಲಿಗೆ,
ಬಾಟ್ಲಿ ಬರುವ ವರ್ಷದ ಡಬ್ಬಕ್ಕೆ...
ಪೆಟ್ರೋಲಿನ ಮುಳ್ಳು ಕೆಂಪಿಗೆ ಬಿದ್ದಿತ್ತು.
ಅಲ್ಲಿಗೇ ನಿಲ್ಲಿಸಿದೆ.

ಗುರುವಾರ ಹೊಲದಲ್ಲಿ ಏಳು ಹೆಂಗಸರು,
ಸೀರೆಯ ಮೇಲೆ ಗಂಡಸರ ಅಂಗಿ,
ಬಳ್ಳಿ ಕೊಡವಿದ ಧೂಳು ರೆಪ್ಪೆಯ ತನಕ.
ನಡುವೆ ಅಳತೆಗೆ ಕೂತಿದೆ ಅದೇ ಡಬ್ಬ:
ಹೊರಗೆ ತಾಳೆಮರ, ಒಳಗೆ ನಮ್ಮ ಮಣ್ಣು ಮೆತ್ತಿದ ಶೇಂಗಾ.
ನೆಗ್ಗು ಇನ್ನಷ್ಟು ಒಳಗೆ ಹೋದ ಹಾಗಿತ್ತು.
ಎರಡು ಹಿಡಿ ಕಮ್ಮಿ, ಅಂತ ನನ್ನ ಕಣ್ಣಳತೆ;
ದಿನಕ್ಕೆ ಮೂವತ್ತು ಡಬ್ಬ ಅಂದರೆ...
ಅವರು ನೀರು ಕುಡಿಯಲು ಎದ್ದು ಹೋದಾಗ
ಸುರಿದ ಡಬ್ಬದೊಳಗೆ ಕೈಯಿಟ್ಟು
ಹೆಬ್ಬೆರಳಲ್ಲಿ ಒತ್ತಿದೆ.

ಡಬ್ ಅಂತು.
ಪಕ್ಕದ ಹೊಲದ ಬೆಳ್ಳಕ್ಕಿ ಎದ್ದವು.
ಓಬಕ್ಕ ತಿರುಗಲಿಲ್ಲ.
ಎತ್ತಿದ ಚೊಂಬು ಎತ್ತಿದಂತೆಯೇ ಇತ್ತು,
ಒಂದು ಗುಟುಕು ಇಳಿಸಿಕೊಂಡು ಅಂದಳು:
"ಎಪ್ಪತ್ತೈದು."