ನೂರೆಂಟು

ಒಂದು ಒತ್ತಿದೆ. ಸೊನ್ನೆ ಒತ್ತಿದೆ.
ಎಂಟರ ಮೇಲೆ ಬೆರಳು ನಿಂತಿತು.
ಇನ್ನೊಂದು ಸೊನ್ನೆ ಒತ್ತಿದರೆ ನೂರು, ಪೊಲೀಸು;
ಎಂಟೇ ಒತ್ತಿದರೂ ಆಂಬುಲೆನ್ಸಿನ ಬೆನ್ನಿಗೆ
ನೂರೆಂಟು ಪ್ರಶ್ನೆ.

ಉಪ್ಪಳದಾಚೆ, ಹೆದ್ದಾರಿ ಅಗಲಿಸಲು ಕೆಡವಿದ
ಟೈಲ್ಸ್ ಅಂಗಡಿಯ ಉಳಿದ ಅರ್ಧದಲ್ಲಿ ನಾವು ಮೂವರು.
ಲತೀಶನ ಗೊರಕೆ ಮೊದಲು ನಗು ತರಿಸಿತು.
ಆಮೇಲೆ ಅದು ಗೊರಕೆಯಲ್ಲ,
ಬರಿದಾದ ಬೊಂಡದಲ್ಲಿ ಸ್ಟ್ರಾ ಎಳೆದ ಸದ್ದು.
ಮೊಬೈಲಿನ ಬೆಳಕಿಗೆ ತುಟಿ ನೇರಳೆ.

"ಆಕ್ಸಿಡೆಂಟ್ ಅಂತ ಹೇಳುವ" ಎಂದದ್ದು ನಾನು.
ಬಸ್‌ಸ್ಟಾಪಿನ ಹತ್ತಿರ ಬೋರ್ಡು ಉಂಟಲ್ಲ,
ಮಲಯಾಳದಲ್ಲೂ ಕನ್ನಡದಲ್ಲೂ:
ಅಪಘಾತದ ಗಾಯಾಳುವನ್ನು ತಂದವರ ಹೆಸರು ಕೇಳುವುದಿಲ್ಲ,
ಠಾಣೆಗೆ ಅಲೆಸುವುದಿಲ್ಲ.

ಆದರೆ ಗಾಯವೆಲ್ಲಿ?
ಅವನ ಮೊಣಕೈ ಹಿಡಿದು
ಹೊಸ ಡಾಂಬರಿಗೆ ಉಜ್ಜಿದೆ,
ತೆಂಗಿನಕಾಯಿ ತುರಿದ ಹಾಗೆ, ಎರಡು ಸಲ.
ಅವನು ಆ ಎನ್ನಲಿಲ್ಲ.
ಆಗ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮುನೀರನ ಗುಜರಿ ಓಮ್ನಿಯಲ್ಲಿ ಆಸ್ಪತ್ರೆ.
ರಾತ್ರಿಪಾಳಿಯ ಡಾಕ್ಟರು ತಲೆಯಲ್ಲಿ ಪೆಟ್ಟು ಹುಡುಕಿದರು,
ಕುತ್ತಿಗೆಗೆ ಪಟ್ಟಿ ಕಟ್ಟಿದರು,
ಸ್ಕ್ಯಾನಿಗೆಂದು ಮಂಗಳೂರಿಗೆ ಚೀಟಿ ಬರೆದರು.
ಅಷ್ಟಕ್ಕೆ ಹದಿನೇಳು ನಿಮಿಷ.
ಸಿಸ್ಟರ್ ಬಿಂದುಲೇಖ ರೆಪ್ಪೆ ಎತ್ತಿ ಟಾರ್ಚು ಹಿಡಿದರು.
ಪಾಪೆ ಸಾಸಿವೆಗಿಂತ ಸಣ್ಣದು.
"ಎಂದಾ ಕಳಿಚ್ಚದ್?"
ಮಲಯಾಳ ಬಾರದವರಂತೆ ನಿಂತೆವು.
"ಮಕ್ಕಳೇ, ಎಂತ ತಗೊಂಡದ್ದು?"
ನನಗೆ ಕನ್ನಡವೂ ಬಾರದೆ ಹೋಯಿತು.

ಹೇಳಿದ್ದು ಮುನೀರ್. ಒಂದೇ ಶಬ್ದ.
ಬೀಗದ ಕಪಾಟಿನಿಂದ ಸೂಜಿಮದ್ದು ಬಂತು.
ಕೆರೆಯಡಿಯಿಂದ ಎದ್ದವನಂತೆ
ಲತೀಶ ಎಳೆದುಕೊಂಡ ಉಸಿರಿಗೆ
ಕಬ್ಬಿಣದ ಮಂಚ ಅಲುಗಿತು.

ಬದುಕಿದ್ದಾನೆ. ಎಡಗೈ ತುಸು ನಡುಗುತ್ತದೆ,
ಚಾಯದ ಗ್ಲಾಸು ಅರ್ಧವೇ ತುಂಬಿಸಿ ಕೊಡುತ್ತೇವೆ.
ಮೊಣಕೈಯ ಕಲೆ ತೋರಿಸಿ
"ಆ ದಿನ ಎಲ್ಲೋ ಬಿದ್ದದ್ದು ಮಾರಾಯ" ಎನ್ನುತ್ತಾನೆ.
ನಾನು ಹೂಂ ಎನ್ನುತ್ತೇನೆ.

ಹೇಳಿದವನು ಮುನೀರ್, ವ್ಯಾನು ಮುನೀರನದು;
ತಿಂಗಳಿಗೊಮ್ಮೆ ಕಾಸರಗೋಡಿನ ಕೋರ್ಟಿನಲ್ಲಿ ವಾಯಿದೆಯೂ ಅವನದೇ.
ಓಮ್ನಿಗೆ ಠಾಣೆಯ ಹಿತ್ತಿಲ ಬಳ್ಳಿ ಹಬ್ಬಿದೆ.
ಸುಳ್ಳು ಹೇಳಿದವನ ಹೆಸರು
ಯಾವ ಕಾಗದದಲ್ಲೂ ಇಲ್ಲ.

ವಾಯಿದೆಯ ದಿನ ಬಸ್ಸಿಗೆ ಕಾಯುತ್ತ
ಅವನು ಅದೇ ಬೋರ್ಡಿನಡಿ ನಿಂತಿರುತ್ತಾನೆ.
ಕೊನೆಯ ಸಾಲಿನ ಕೆಳಗೆ
ಇನ್ನೊಂದು ಸಾಲು ಹಿಡಿಯುವಷ್ಟು ಜಾಗ ಇತ್ತು.
ಯಾರೋ ಅಲ್ಲಿ
ಬಾಡಿಗೆ ಮನೆಯ ಚೀಟಿ ಅಂಟಿಸಿದ್ದಾರೆ.