ಎರಡು ಮಳೆ ಬಾಳುವ ಬಿಳುಪು

ಮೂಟೆಗೆ ಎರಡು ಬೆಳ್ಳಿ ಬಿಲ್ಲೆ. ಚೌಕಾಸಿ ಬೇಡ.
ಒದ್ದೆ ಕೈಯಲ್ಲಿ ಮುಟ್ಟಲೂ ಬೇಡ, ಮೊದಲೇ ಹೇಳಿದ್ದೇನೆ:
ಸುಟ್ಟ ಕಲ್ಲಿಗೆ ಬಾಯಾರಿಕೆ ಬಹಳ,
ಅಂಗೈಯ ಬೆವರನ್ನೂ ಬಿಡುವುದಿಲ್ಲ.

ಎಲ್ಲಿಯ ಕಲ್ಲು ಎನ್ನುತ್ತೀಯ?
ಅಗೋ, ಹಸು ಮೇಯುತ್ತಿದೆಯಲ್ಲ ಆ ದಿಬ್ಬ,
ಅದರಡಿ ಇದೆ ರೋಮ್.
ಮೇಲಿರುವುದು ನಾವು,
ಈರುಳ್ಳಿ ಪಾತಿ, ಸಗಣಿ, ಎರಡು ಅಂಜೂರದ ಗಿಡ.

ನನ್ನ ಗಂಡ ಚೆಂಚಿಯೊ ಬೆಳಗ್ಗೆ ಹಾರೆ ಹಿಡಿದು ಇಳಿದರೆ
ಸಂಜೆಗೆ ಒಬ್ಬ ಸಾಮ್ರಾಟನನ್ನು
ಎತ್ತಿನ ಗಾಡಿಯಲ್ಲಿ ಅಂಗಾತ ಮಲಗಿಸಿ ತರುತ್ತಿದ್ದ.
ಕೆಲವರಿಗೆ ಮೂಗಿಲ್ಲ, ಹಲವರಿಗೆ ತಲೆಯೇ ಇಲ್ಲ.
ಒಮ್ಮೆ ಅಕ್ಷರ ತುಂಬಿದ ಚಪ್ಪಡಿ ಸಿಕ್ಕಿತು.
ಅಕ್ಷರ ಬಲ್ಲ ಪಾದ್ರಿ ಬಂದು
ಮಣ್ಣು ಕೆರೆದು, ಬೆರಳಿಟ್ಟು, ತಡವರಿಸಿ ಓದಿದ:
‘ಇಂತಿಂಥವರ ಹಳೆಯ ತೆರಿಗೆ ಬಾಕಿ ಮನ್ನಾ...’
ಯಾರಯ್ಯಾ, ಯಾರ ಬಾಕಿ? ಎಲ್ಲರೂ ಬಗ್ಗಿದೆವು.
ಸರಿಯಾಗಿ ಅಲ್ಲಿಗೇ ಕಲ್ಲು ಮುರಿದಿತ್ತು.

ಮೂರು ಹಗಲು ಮೂರು ರಾತ್ರಿ ಬೆಂಕಿ.
ಓಕ್ ಸೌದೆ, ಕತ್ತರಿಸಿದ ದ್ರಾಕ್ಷಿ ಬಳ್ಳಿ,
ಏನೂ ಇಲ್ಲದಾಗ ಯಾರದೋ ಬಾಗಿಲು.
ಎರಡನೆಯ ರಾತ್ರಿ ಗೂಡಿನ ಕಿಂಡಿಯಲ್ಲಿ ನೋಡಬೇಕು:
ಕಲ್ಲಿನ ಕೆನ್ನೆಗೆ ರಕ್ತ ಏರುತ್ತದೆ,
ಈಗ ಮಾತಾಡುತ್ತಾನೆ ಅನ್ನಿಸುತ್ತದೆ.
ಆಡುವುದಿಲ್ಲ.
ಆರಿದ ಮೇಲೆ ತೆಗೆದರೆ ಅದೇ ಮುಖ, ಅದೇ ಗುಂಗುರು ಕೂದಲು,
ತೂಕ ಮಾತ್ರ ಅರ್ಧ.
ಒಂದು ಚೊಂಬು ನೀರು ಹಾಕು,
ಬುಸ್ ಎನ್ನುತ್ತಾನೆ, ಉಬ್ಬುತ್ತಾನೆ, ಬಿರಿಯುತ್ತಾನೆ,
ಆಮೇಲೆ ಹಿಟ್ಟು.
ಅತ್ತೆ ನನಗೆ ಹೇಳಿಕೊಟ್ಟದ್ದು ಇಷ್ಟೇ:
ಆ ಹೊತ್ತಿನಲ್ಲಿ ಮುಖ ಹತ್ತಿರ ಒಯ್ಯಬೇಡ, ಕಣ್ಣು ಹೋಗುತ್ತದೆ.

ಬಡಗಣ ದಂಡು ಬಂದ ಬೇಸಿಗೆ
ಹೊಳೆಯ ಜವುಗಿನಿಂದ ಜ್ವರವೂ ಬಂತು.
ಈಟಿಯವರು, ಹಾರೆಯವರು, ಒಂದೇ ಹಳ್ಳ.
ಒಂದು ಪದರ ಹೆಣ, ಒಂದು ಪದರ ಸುಣ್ಣ.
ಚೆಂಚಿಯೊನ ಮೇಲೆ ನಾನೇ ಹರಡಿದೆ.
ಯಾವ ಸಾಮ್ರಾಟನ ಪುಡಿಯೋ, ಕೇಳಲಿಲ್ಲ.
ಜರಡಿ ಹಿಡಿದದ್ದು, ನುಣ್ಣನೆಯದು,
ಮಾರಲೆಂದು ಎತ್ತಿಟ್ಟಿದ್ದೆವು.

ಈಗ ನೀನು ಬಂದಿದ್ದೀಯ, ಹತ್ತು ಮೂಟೆ ಬೇಕೆಂದು.
ಹೊಸ ಸಾಮ್ರಾಟ ಬರುತ್ತಿದ್ದಾನಂತೆ
ಹಿಮದ ಬೆಟ್ಟ ಇಳಿದು,
ಕಿರೀಟ ಇಡಿಸಿಕೊಳ್ಳಲು.
ಅವನು ಬರುವ ಹೆಬ್ಬಾಗಿಲು ಬೆಳ್ಳಗಿರಬೇಕಂತೆ.
ಇರಲಿ. ಹಳಬರನ್ನು ಅರೆದು
ಹೊಸಬನ ಗೋಡೆಗೆ ಬಳಿಯುವುದು ನಮಗೇನು ಹೊಸದೇ?
ನನ್ನ ಮಾವನೂ ಬಳಿದಿದ್ದ, ಅವನ ಮಾವನೂ.
ಕೂಲಿ ಮಾತ್ರ ಮೊದಲೇ ಕೊಡು,
ಕಿರೀಟ ಇಟ್ಟ ಮೇಲೆ ಯಾರೂ ಕೊಟ್ಟವರಿಲ್ಲ.

ಎಷ್ಟು ದಿನ ಬಾಳುತ್ತದೆ ಈ ಬಿಳುಪು ಅಂದೆಯಾ?
ಎರಡು ಮಳೆ.
ಹಾಲು ಬೆರೆಸಿದರೆ ಮೂರು.

ಅದನ್ನು ಎತ್ತಬೇಡ, ಇಡು ಅಲ್ಲೇ.
ಅದು ಮಾರಾಟಕ್ಕಿಲ್ಲ.
ಹೌದು, ಹೆಬ್ಬೆರಳು. ಕಾಲಿನದೋ ಕೈಯದೋ,
ಗಾತ್ರ ನೋಡಿದರೆ ತಿಳಿಯುವುದಿಲ್ಲ.
ಬೆಳ್ಳುಳ್ಳಿ ಜಜ್ಜಲು ಇದಕ್ಕಿಂತ ಒಳ್ಳೆಯದಿಲ್ಲ,
ಉಗುರಿನ ಕಡೆ ಹಿಡಿಯಬೇಕು.
ಮೊಮ್ಮಗಳು ಥಿಯೊಡೋರಳಿಗೆ ಹಲ್ಲು ಬರುವಾಗ
ತಣ್ಣಗಿದೆಯೆಂದು ಇದನ್ನೇ ಕಚ್ಚುತ್ತಿದ್ದಳು.
ನೋಡು, ಇಲ್ಲಿ ಸವೆದಿದೆ.
ಅವಳ ಹಲ್ಲಿಗಲ್ಲ, ನನ್ನ ಬೆಳ್ಳುಳ್ಳಿಗೆ,
ಆದರೂ ಅವಳದ್ದೇ ಅನ್ನುತ್ತೇನೆ.

ಹೊರಡು, ಮೋಡ ಕವಿಯುತ್ತಿದೆ.
ಮೂಟೆಗಳ ಮೇಲೆ ತೊಗಲು ಹೊದಿಸು,
ಬಿಗಿಯಾಗಿ ಕಟ್ಟು, ಮೂಲೆ ಬಿಡಬೇಡ.
ದಾರಿಯಲ್ಲಿ ನೀರು ಇಳಿಯಿತೋ,
ಗಾಡಿಗೇ ಬೆಂಕಿ ಹತ್ತುತ್ತದೆ.
ಎತ್ತುಗಳನ್ನು ಬಿಚ್ಚಿ ದೂರ ಓಡು,
ಉಳಿದದ್ದು ಉರಿಯಲಿ.